ಅರ್ಧ ದಿನದ ದೋಣಿ, ಅರೆಗಳಿಗೆಯ ದರ್ಶನ



‘ಅರ್ಧ ದಿನದಲ್ಲಿ ಕೋಟೋರ್ ಕೊಲ್ಲಿಯನ್ನೆಲ್ಲ ನೋಡಿಬಿಟ್ಟೆವು’ ಎಂದು ಹೆಮ್ಮೆಪಡುವವರೊಡನೆ ನನ್ನದೊಂದು ಜಗಳವಿದೆ. ಆಡ್ರಿಯಾಟಿಕ್ ಸಮುದ್ರವು ಮಾಂಟೆನೆಗ್ರೋದ ಬೆಟ್ಟಗಳ ನಡುವೆ ನುಸುಳಿ ಬಂದ ತಾಣವದು. ನಾನೂ ಅಲ್ಲಿ ವೇಗದ ದೋಣಿಯೇರಿದ್ದೇನೆ. ನೀಲಿ ಗುಹೆ, ಜಲಾಂತರ್ಗಾಮಿಗಳನ್ನು ಬಚ್ಚಿಡುತ್ತಿದ್ದ ಸುರಂಗ, ಪೆರಾಸ್ಟ್ ಪಟ್ಟಣದೆದುರಿನ ‘ಬಂಡೆಗಳ ಮಾತೆ’ಯ ದ್ವೀಪ, ಎಲ್ಲವೂ ಹಾಜರಿ ಕರೆದಂತೆ ಮುಗಿದವು.

ಆ ದ್ವೀಪ ಪ್ರಕೃತಿದತ್ತವಲ್ಲ. 1452ರಲ್ಲಿ ಅಲ್ಲಿನ ಬಂಡೆಯ ಮೇಲೆ ಮೇರಿಮಾತೆಯ ಚಿತ್ರ ದೊರೆಯಿತೆಂಬುದು ಐತಿಹ್ಯ. ತರುವಾಯ ನಾವಿಕರು ಕಲ್ಲು ಸುರಿದು, ಹಳೆಯ ಹಡಗುಗಳನ್ನು ಮುಳುಗಿಸಿ ನೆಲವನ್ನೇ ಕಟ್ಟಿದರು. ಇಂದಿಗೂ ಪ್ರತಿ ಜುಲೈ 22ರ ಸಂಜೆ ದೋಣಿಗಳ ಸಾಲು ಕಲ್ಲು ಹೊತ್ತು ಸಾಗುತ್ತದೆ. ಕಡಲಿಗೆ ಹೋದ ಪತಿಗಾಗಿ ಕಾಯುತ್ತ ಯಾಸಿಂತಾ ಕುನಿಚ್ ಎಂಬಾಕೆ 25 ವರ್ಷ ಹಾಕಿದಳೆನ್ನುವ ಕಸೂತಿ ಅಲ್ಲಿನ ಚರ್ಚಿನಲ್ಲಿದೆ. ದಾರದೊಡನೆ ಆಕೆಯ ತಲೆಗೂದಲೂ ಅದರಲ್ಲಿ ಸೇರಿದೆ.

25 ವರ್ಷಗಳ ತಪಸ್ಸಿಗೆ ಎರಡು ನಿಮಿಷವೇ?

‘ಮತ್ತೆ ಬರಲಾದೀತೇ? ಎಲ್ಲವನ್ನೂ ನೋಡಿಬಿಡೋಣ’ ಎನ್ನುವಿರಿ. ಮತ್ತೆ ಬರಲಾಗದೆಂದೇ ನಿಧಾನ ಬೇಕು. ಗುಹೆ, ಸುರಂಗಗಳನ್ನು ಬಿಡಿ. ಪೆರಾಸ್ಟಿನಿಂದ ಸಣ್ಣ ದೋಣಿಯಲ್ಲಿ ಕೆಲವೇ ನಿಮಿಷಗಳ ಹಾದಿ. ಅರ್ಧ ದಿನವನ್ನು ಆ ದ್ವೀಪಕ್ಕೂ ಆ ಊರಿಗೂ ಮಾತ್ರ ಕೊಡಿ. ಪಾಠ ಮುಗಿಸುವುದು ಬೇರೆ, ಕಲಿಯುವುದು ಬೇರೆ ಎಂದು ತರಗತಿಯಲ್ಲಿ ಹೇಳುತ್ತಿದ್ದೆನಲ್ಲವೇ? ಪ್ರವಾಸಕ್ಕೂ ಅದೇ ಮಾತು.