ಇಂಡೋನೇಷ್ಯಾದ ಹಳ್ಳಿ ಅಂಗಡಿ: ಸಾಲ ಊರಿನದು, ತೀರ್ಮಾನ ಯಾರದು?

ವ್ಯಾಪಾರವು ಗಿರಾಕಿಯಿಂದ ನಡೆಯುವುದೇ ಹೊರತು ಅಪ್ಪಣೆಯಿಂದಲ್ಲ. ವರ್ತಕರಿಗೆ ಬಿಡಿಸಿ ಹೇಳಬೇಕಿಲ್ಲದ ಈ ಮಾತು ಇಂಡೋನೇಷ್ಯಾದ ಹಳ್ಳಿಗಳಲ್ಲಿ ಈಗ ದೊಡ್ಡ ಪ್ರಮಾಣದ ಪರೀಕ್ಷೆಗೆ ಒಳಗಾಗಿದೆ. ದೇಶದಾದ್ಯಂತ ಸುಮಾರು 80 ಸಾವಿರ ಸಹಕಾರ ಸಂಘಗಳನ್ನು ಸ್ಥಾಪಿಸಬೇಕೆಂದು ಅಧ್ಯಕ್ಷ ಪ್ರಬೋವೊ ಸುಬಿಯಾಂಟೊ ಅವರು 2025ರಲ್ಲಿ ಆಜ್ಞೆ ಹೊರಡಿಸಿದರು. ರಾಷ್ಟ್ರಧ್ವಜದ ಬಣ್ಣಗಳನ್ನೇ ಹೆಸರಾಗಿ ಹೊತ್ತ ಈ ‘ಕೆಂಪು-ಬಿಳಿ’ ಸಂಘಗಳಿಗೆ ಅದೇ ವರ್ಷದ ಜುಲೈ 21ರಂದು ಮಧ್ಯ ಜಾವಾದ ಕ್ಲಾಟೆನ್ ಜಿಲ್ಲೆಯ ಬೆಂತಾಂಗನ್ ಗ್ರಾಮದಲ್ಲಿ ಚಾಲನೆ ದೊರೆಯಿತು. ದಿನಸಿ ಮಳಿಗೆ, ಔಷಧ ಅಂಗಡಿ, ಚಿಕಿತ್ಸಾಲಯ, ಉಗ್ರಾಣ, ಸಾಲ-ಉಳಿತಾಯ ಇವೆಲ್ಲವೂ ಒಂದೇ ಸೂರಿನಡಿ ಹಳ್ಳಿಗರಿಗೆ ದೊರೆಯಬೇಕು. ದಲ್ಲಾಳಿಗಳ ಹಾಗೂ ಬಡ್ಡಿ ವ್ಯವಹಾರಸ್ಥರ ಹಿಡಿತ ಸಡಿಲಗೊಳ್ಳಬೇಕು ಎಂಬುದು ಯೋಜನೆಯ ಆಶಯ. ಆಶಯವು ಒಪ್ಪತಕ್ಕದ್ದೇ. ಬಂಡವಾಳವನ್ನು ಒದಗಿಸುವ ಕ್ರಮ ಮಾತ್ರ ಪ್ರಶ್ನಾರ್ಹವಾಗಿದೆ.

ಹಳ್ಳಿಯ ಹಣಕಾಸು

ಜಾವಾದ ಸಣ್ಣ ಹಳ್ಳಿಯೊಂದರ ಬದುಕನ್ನು ಗಮನಿಸಿದರೆ ಕನ್ನಡ ನಾಡಿನ ವರ್ತಕರಿಗೆ ಪರಿಚಿತವೆನಿಸುವ ಅಂಶಗಳು ಅನೇಕ. ಅಲ್ಲಿನ ಸಂತೆ ವಾರಕ್ಕೊಮ್ಮೆ ಸೇರದೆ ಹಳೆಯ ಐದು ದಿನಗಳ ಪಂಚಾಂಗವನ್ನು ಅನುಸರಿಸುತ್ತದೆ. ಪೋನ್, ಲೆಗಿ ಮುಂತಾದ ದಿನಗಳ ಹೆಸರೇ ಪೇಟೆಗಳಿಗೂ ಇದೆ. ಮನೆ ಕಟ್ಟಲು, ಕಾಲುವೆ ಶುಚಿಗೊಳಿಸಲು ಮುಯ್ಯಾಳಿನ ಪದ್ಧತಿಯಿದೆ. ಹೆಂಗಸರು ‘ಅರಿಸಾನ್’ ಎಂಬ ಚೀಟಿ ಹಾಕುತ್ತಾರೆ. ಹಳ್ಳಿಯ ಮುಖ್ಯಸ್ಥನಿಗೆ ಸಂಬಳದ ಬದಲು ಉಂಬಳಿ ಜಮೀನು ನೀಡುವ ರೂಢಿ ಜಾವಾದಲ್ಲಿ ದೀರ್ಘಕಾಲ ನಡೆದುಬಂದಿದೆ.

ಆದರೆ ಭೂಮಿ ಸಾಲದು. 2023ರ ಕೃಷಿ ಗಣತಿಯ ಪ್ರಕಾರ ದೇಶದ ಹತ್ತು ಕೃಷಿಕ ಕುಟುಂಬಗಳಲ್ಲಿ ಸುಮಾರು ಆರು ಕುಟುಂಬಗಳ ಹಿಡುವಳಿ ಅರ್ಧ ಹೆಕ್ಟೇರಿಗಿಂತ ಕಡಿಮೆ. ಬತ್ತದ ಪೈರು ಗದ್ದೆಯಲ್ಲಿರುವಾಗಲೇ ಅದನ್ನು ಒಟ್ಟಾಗಿ ಖರೀದಿಸುವ ವ್ಯಾಪಾರಿಗೆ ಮಾರಿಬಿಡುವ ರೈತರು ಬಹಳ. ಯುವಕರು ನಗರಗಳಿಗೂ, ಅನೇಕ ಹೆಣ್ಣುಮಕ್ಕಳು ಮನೆಗೆಲಸಕ್ಕಾಗಿ ಮಲೇಷ್ಯಾ, ಹಾಂಗ್‌ಕಾಂಗ್, ತೈವಾನುಗಳಿಗೂ ಹೋಗುತ್ತಾರೆ. ಅವರು ಕಳುಹಿಸುವ ಹಣದಿಂದ ಮನೆಗಳು ಏಳುತ್ತವೆ, ಮಕ್ಕಳ ಓದು ಸಾಗುತ್ತದೆ. ಹೀಗೆ ಏರಿಳಿತವುಳ್ಳ ಆದಾಯದ ನಡುವೆ ಹಳ್ಳಿಯನ್ನು ಹಿಡಿದು ನಿಲ್ಲಿಸಿರುವುದು ‘ವಾರುಂಗ್’ ಎಂಬ ಮನೆಮುಂದಿನ ಪುಟ್ಟ ಅಂಗಡಿ. ಅಲ್ಲಿ ಎಣ್ಣೆ, ಸಕ್ಕರೆ, ಸಾಬೂನುಗಳನ್ನು ಚಿಲ್ಲರೆಯಾಗಿ ಕೊಳ್ಳಬಹುದು. ಕೈಯಲ್ಲಿ ಕಾಸಿಲ್ಲದ ದಿನ ಉದ್ರಿಯೂ ಸಿಗುತ್ತದೆ. ಅಂಗಡಿಯವಳಿಗೆ ಗಿರಾಕಿಯ ಮನೆಯ ಸ್ಥಿತಿಗತಿ ತಿಳಿದಿರುವುದೇ ಆ ಉದ್ರಿಗೆ ಭದ್ರತೆ.

ಊರೇ ನಿರ್ಧರಿಸಿದ ಕಾಲ

2014ರ ಗ್ರಾಮ ಕಾಯಿದೆಯು ಈ ಹಳ್ಳಿಗಳ ಚಿತ್ರವನ್ನು ಗಣನೀಯವಾಗಿ ಬದಲಿಸಿತು. ಸುಮಾರು 75 ಸಾವಿರ ಹಳ್ಳಿಗಳಿಗೆ ರಾಷ್ಟ್ರೀಯ ಆಯವ್ಯಯದಿಂದ ಗ್ರಾಮನಿಧಿ ಹರಿಯತೊಡಗಿತು. 2015ರಲ್ಲಿ 20.7 ಲಕ್ಷ ಕೋಟಿ ರುಪಿಯಾದಷ್ಟಿದ್ದ ಈ ನಿಧಿ 2019ರ ವೇಳೆಗೆ 70 ಲಕ್ಷ ಕೋಟಿ ರುಪಿಯಾಕ್ಕೆ ಏರಿತು. ಸರಾಸರಿ ಲೆಕ್ಕದಲ್ಲಿ ಇದು ಹಳ್ಳಿಗೆ ಭಾರತದ ಅರ್ಧ ಕೋಟಿ ರೂಪಾಯಿಯ ಆಸುಪಾಸು. ಖರ್ಚಿನ ಬಗೆಯನ್ನು ಗ್ರಾಮದ ಸಭೆಯಲ್ಲಿ ಚರ್ಚಿಸಬೇಕು; ಆಯವ್ಯಯದ ವಿವರವನ್ನು ದೊಡ್ಡ ಫಲಕದಲ್ಲಿ ಮುದ್ರಿಸಿ ಗ್ರಾಮ ಕಚೇರಿಯ ಮುಂದೆ ತೂಗುಹಾಕುವ ಪರಿಪಾಠವೂ ಬೆಳೆಯಿತು. ಹಣ ನುಂಗಿದ ಮುಖ್ಯಸ್ಥರು ಜೈಲು ಸೇರಿದ ಪ್ರಕರಣಗಳು ಕಡಿಮೆಯೇನಲ್ಲ. ಹಾಗಿದ್ದೂ ರಸ್ತೆ, ಸೇತುವೆ, ಕುಡಿಯುವ ನೀರು, ಕಾಲುವೆಗಳ ರೂಪದಲ್ಲಿ ಫಲ ಕಣ್ಣಿಗೆ ಕಾಣುವಂತಿದೆ.

ಕ್ಲಾಟೆನ್ ಜಿಲ್ಲೆಯದೇ ಆದ ಪೊಂಗೊಕ್ ಗ್ರಾಮವು ಇದಕ್ಕೂ ಮೊದಲೇ, 2009ರಲ್ಲಿ, ಗ್ರಾಮದ ಒಡೆತನದ ಉದ್ಯಮವೊಂದನ್ನು ಹುಟ್ಟುಹಾಕಿತ್ತು. ಊರಿನ ನೀರಿನ ಬುಗ್ಗೆಯ ಕೊಳವನ್ನೇ ಪ್ರವಾಸಿಗರ ಆಕರ್ಷಣೆಯನ್ನಾಗಿ ಮಾಡಿ, ನೀರಿನೊಳಗೆ ಛಾಯಾಚಿತ್ರ ತೆಗೆಸಿಕೊಳ್ಳುವ ಹೊಸ ಬೇಡಿಕೆಯನ್ನು ಸೃಷ್ಟಿಸಿತು. ಗ್ರಾಮಸ್ಥರೂ ಬಂಡವಾಳ ತೊಡಗಿಸಿದರು. ಒಂದು ಕಾಲಕ್ಕೆ ಬಡ ಗ್ರಾಮಗಳ ಸಾಲಿನಲ್ಲಿದ್ದ ಊರು ದೇಶಕ್ಕೇ ಮಾದರಿಯೆನಿಸಿತು. ಎಲ್ಲ ಹಳ್ಳಿಗಳಿಗೂ ಅಂಥ ಬುಗ್ಗೆ ಇರಲಾರದು. ಆದರೆ ತನ್ನಲ್ಲಿ ಏನಿದೆ, ಏನು ಮಾರಾಟವಾದೀತು ಎಂದು ಊರೇ ಯೋಚಿಸಿದ್ದು ಈ ಯಶಸ್ಸಿನ ಮೂಲವೆನ್ನಲಡ್ಡಿಯಿಲ್ಲ.

ಹೊಸ ಯೋಜನೆಯಲ್ಲಿ ಈ ಕ್ರಮ ತಲೆಕೆಳಗಾಗಿದೆ. ಯಾವ ವ್ಯಾಪಾರ ಎಂಬುದು ರಾಜಧಾನಿಯಲ್ಲಿ ನಿಗದಿಯಾಗಿದೆ. 2025ರ ನಿಯಮಗಳಂತೆ ಸಂಘವೊಂದಕ್ಕೆ ಸರಕಾರಿ ಒಡೆತನದ ಬ್ಯಾಂಕುಗಳಿಂದ 300 ಕೋಟಿ ರುಪಿಯಾದವರೆಗೆ, ಅಂದರೆ ಸುಮಾರು ಒಂದೂವರೆ ಕೋಟಿ ರೂಪಾಯಿಯವರೆಗೆ, ಶೇ. 6ರ ಬಡ್ಡಿಯಲ್ಲಿ ಸಾಲ ದೊರೆಯುತ್ತದೆ. ಸಂಘ ಕಂತು ಕಟ್ಟಲಾರದೆ ಹೋದರೆ ಗ್ರಾಮನಿಧಿಯ ಶೇ. 30ರವರೆಗಿನ ಪಾಲು ಅದಕ್ಕೆ ಆಸರೆ. ಅರ್ಥಾತ್ ಅಂಗಡಿ ನಷ್ಟಕ್ಕೀಡಾದರೆ ಕಾಲುವೆಯ ದುರಸ್ತಿ ನಿಲ್ಲಬಹುದು. ಸಂಘದಲ್ಲಿ ಸದಸ್ಯನೇ ಅಲ್ಲದ ಕೂಲಿಕಾರನ ಪಾಲಿಗೂ ನಷ್ಟ ಬರಬಹುದು. ಬ್ಯಾಂಕಿಗೆ ಮಾತ್ರ ಅಂಗಡಿಯ ಲಾಭ-ನಷ್ಟವನ್ನು ತೂಗಿ ನೋಡುವ ತುರ್ತು ಉಳಿಯುವುದಿಲ್ಲ.

ಮರೆಯಬಾರದ ಎರಡು ಪಾಠಗಳು

ಇಂಡೋನೇಷ್ಯಾಕ್ಕೆ ಇದು ಹೊಸ ಅನುಭವವಲ್ಲ. ಅಧ್ಯಕ್ಷ ಸುಹಾರ್ತೊ ಅವರ ಕಾಲದಲ್ಲಿಯೂ ಮೇಲಿನ ಆದೇಶದಂತೆ ಗ್ರಾಮ ಸಹಕಾರ ಘಟಕಗಳು ತಲೆಯೆತ್ತಿದ್ದವು. ಗೊಬ್ಬರ ಹಂಚಿಕೆ, ಬತ್ತದ ಖರೀದಿ ಅವುಗಳ ಮೂಲಕವೇ ನಡೆಯಬೇಕಿತ್ತು. 1990ರ ದಶಕದಲ್ಲಿ ಲವಂಗದ ವ್ಯಾಪಾರವನ್ನು ಅಧ್ಯಕ್ಷರ ಪುತ್ರನ ನೇತೃತ್ವದ ಏಕಸ್ವಾಮ್ಯ ಮಂಡಳಿಗೆ ವಹಿಸಿದಾಗ, ಬೆಳೆಗಾರರಿಂದ ಮಾಲು ಸಂಗ್ರಹಿಸುವ ಕೊಂಡಿಯಾಗಿ ಈ ಘಟಕಗಳೇ ಬಳಕೆಯಾದವು. ಬೆಳೆಗಾರನಿಗೆ ನ್ಯಾಯವಾದ ಬೆಲೆ ಸಿಗಲಿಲ್ಲ. ಅನೇಕರು ತೋಟಗಳನ್ನು ಕಡೆಗಣಿಸಿದರು. 1998ರಲ್ಲಿ ಮಂಡಳಿ ರದ್ದಾಯಿತು. ಸರಕಾರದ ಆಶ್ರಯ ತಪ್ಪಿದೊಡನೆ ಹಲವಾರು ಘಟಕಗಳು ಹೆಸರಿಗಷ್ಟೇ ಉಳಿದವು.

ಎರಡನೆಯ ಪಾಠ ಆಶಾದಾಯಕವಾದುದು. ಬತ್ತದ ರೈತರಿಗೆ ಸರಕಾರ ಕೊಡಿಸುತ್ತಿದ್ದ ಅಗ್ಗದ ಸಾಲ ವಸೂಲಾಗದೆ ಸೊರಗಿದಾಗ, ಬ್ಯಾಂಕ್ ರಾಕ್ಯಾತ್ ಇಂಡೋನೇಷ್ಯಾ ತನ್ನ ಗ್ರಾಮ ಶಾಖೆಗಳನ್ನು ಮುಚ್ಚಲಿಲ್ಲ. 1984ರಿಂದ ವೆಚ್ಚ ಗಿಟ್ಟುವಷ್ಟು ಬಡ್ಡಿ ವಿಧಿಸಿ, ಯಾವುದೇ ಆದಾಯದ ಕಸುಬಿಗೂ ಸಾಲ ನೀಡತೊಡಗಿತು. ಸಕಾಲಕ್ಕೆ ಕಂತು ಕಟ್ಟಿದವರಿಗೆ ಬಡ್ಡಿಯ ಒಂದು ಪಾಲನ್ನು ಹಿಂದಿರುಗಿಸಿತು. ಬೇಕಾದಾಗ ತೆಗೆಯಬಹುದಾದ ಉಳಿತಾಯ ಖಾತೆಯನ್ನು ಆರಂಭಿಸಿ ಹಳ್ಳಿಗರ ಠೇವಣಿಯನ್ನೂ ಆಕರ್ಷಿಸಿತು. 1997-98ರ ಆರ್ಥಿಕ ಬಿಕ್ಕಟ್ಟಿನಲ್ಲಿ ದೊಡ್ಡ ದೊಡ್ಡ ಬ್ಯಾಂಕುಗಳು ಕುಸಿದಾಗಲೂ ಈ ಗ್ರಾಮ ಶಾಖೆಗಳು ಅಲುಗಲಿಲ್ಲ. ಹಳ್ಳಿಗ ಸಾಲ ತೀರಿಸಲಾರನೆಂಬ ಭಾವನೆ ಅಲ್ಲಿಗೆ ಸುಳ್ಳಾಯಿತು.

ಕರ್ನಾಟಕದಲ್ಲಿಯೂ ಈ ಎರಡು ಪಾಠಗಳಿಗೆ ಸಾಕ್ಷಿಯಿದೆ. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಅದರ ಬೆನ್ನಿಗಿದ್ದುದು ಊರವರ ನಂಬಿಕೆ. ಸರಕಾರದ ಹಸ್ತಕ್ಷೇಪವಿಲ್ಲದ ಸಹಕಾರ ಬೇಕೆಂಬ ಒತ್ತಾಯಕ್ಕೆ ಮಣಿದು 1997ರಲ್ಲಿ ಸೌಹಾರ್ದ ಕಾಯಿದೆಯನ್ನು ಪ್ರತ್ಯೇಕವಾಗಿ ರಚಿಸಬೇಕಾಗಿ ಬಂದುದೂ ಇದೇ ಅನುಭವದ ಫಲ.

ಆಗಬೇಕಾದುದು

ದೂರದ ದ್ವೀಪಗಳಲ್ಲಿ ಸಾಗಣೆ ವೆಚ್ಚದಿಂದ ಬೆಲೆ ಏರಿ, ಒಬ್ಬನೇ ವ್ಯಾಪಾರಿಯನ್ನು ಅವಲಂಬಿಸಿರುವ ಹಳ್ಳಿಗಳಿಗೆ ಸಹಕಾರಿ ಉಗ್ರಾಣ ನಿಜಕ್ಕೂ ವರವಾದೀತು. ಆದರೆ ಹತ್ತಾರು ವಾರುಂಗ್‌ಗಳಿರುವ ಜಾವಾದ ಹಳ್ಳಿಗೆ ಇನ್ನೊಂದು ಚಿಲ್ಲರೆ ಮಳಿಗೆಗಿಂತ, ಆ ಅಂಗಡಿಗಳಿಗೇ ಸಗಟು ದರದಲ್ಲಿ ಸರಕು ಒದಗಿಸುವ ಸಂಘವೇ ಹೆಚ್ಚು ಉಪಯುಕ್ತ. ಸಾಲದ ಮೊತ್ತ ನಡೆದ ವಹಿವಾಟಿಗೆ ಅನುಗುಣವಾಗಿ ಹಂತಹಂತವಾಗಿ ಬೆಳೆಯಬೇಕು. ಸದಸ್ಯರ ಪಾಲು ಬಂಡವಾಳ ಮೊದಲು ಬರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ‘ನಮ್ಮ ಊರಿಗೆ ಇದು ಬೇಡ’ ಎನ್ನುವ ಅಧಿಕಾರ ಗ್ರಾಮದ ಸಭೆಗೆ ಇರಬೇಕು. ಹಾಗೆಂದ ಊರಿನ ಗ್ರಾಮನಿಧಿಗೆ ಕತ್ತರಿ ಬೀಳಬಾರದು.

ಬಂಡವಾಳದ ಹೊಣೆ ಯಾರ ಮೇಲಿದೆಯೋ ತೀರ್ಮಾನವೂ ಅವರ ಕೈಯಲ್ಲಿರಬೇಕೆಂಬುದು ವ್ಯಾಪಾರದ ಮೊದಲ ನೀತಿ. ಸಾಲ ತೀರಿಸಬೇಕಾದವರು ಹಳ್ಳಿಗರಾದುದರಿಂದ ಅಂಗಡಿ ಬೇಕೇ ಬೇಡವೇ ಎಂಬುದನ್ನು ಅವರೇ ನಿರ್ಧರಿಸುವುದು ನ್ಯಾಯ.