ಗುತ್ತಿಗೆಯ ಗದ್ದಲದಲ್ಲಿ ಕಾಣೆಯಾದ ಹುಡುಗ

ಕರ್ನಾಟಕದ ಸರ್ಕಾರಿ ಗುತ್ತಿಗೆಯಲ್ಲಿ ಮುಸ್ಲಿಮರಿರುವ ಪ್ರವರ್ಗ 2ಬಿಗೆ ಶೇ 4ರಷ್ಟು ಪಾಲು ಕೊಟ್ಟರೆ ಮುಸ್ಲಿಂ ಯುವಕರ ಬಾಳು ಹಸನಾಗುತ್ತದೆ ಎನ್ನುವವರ ಮಾತೂ ಸುಳ್ಳು, ನಾಡು ಮುಳುಗುತ್ತದೆ ಎನ್ನುವವರ ಮಾತೂ ಸುಳ್ಳು. 2025ರ ಮಾರ್ಚ್‌ನಲ್ಲಿ ಇದರ ಮಸೂದೆ ಅಂಗೀಕಾರವಾಯಿತು, ರಾಜ್ಯಪಾಲರು ಅದನ್ನು ರಾಷ್ಟ್ರಪತಿಯ ಒಪ್ಪಿಗೆಗೆ ಕಾಯ್ದಿರಿಸಿದರು. ಎರಡೂ ಕಡೆಯವರು ಗಂಟಲು ಹರಿದುಕೊಂಡರು. ಪಿಯುಸಿಗೇ ಪುಸ್ತಕ ಮುಚ್ಚಿಟ್ಟು ಗ್ಯಾರೇಜು ಸೇರಿದವನು ಎರಡು ಕೋಟಿಯ ಟೆಂಡರ್‌ಗೆ ಠೇವಣಿ ಎಲ್ಲಿಂದ ತರಬೇಕು? ಅದನ್ನು ಯಾರೂ ಕೇಳಲಿಲ್ಲ.

ಯಾರೂ ನೋಡದ ಅಂಕಿ ಬೇರೆಯೇ ಇದೆ. ಕೇಂದ್ರದ 2021–22ರ ಉನ್ನತ ಶಿಕ್ಷಣ ಸಮೀಕ್ಷೆಯಂತೆ ದೇಶದ ಕಾಲೇಜುಗಳಲ್ಲಿದ್ದ ಮುಸ್ಲಿಂ ವಿದ್ಯಾರ್ಥಿಗಳು ಸುಮಾರು 21.1 ಲಕ್ಷ. ಅವರಲ್ಲಿ ಹುಡುಗಿಯರು 10.5 ಲಕ್ಷ, ಅಂದರೆ ಹೆಚ್ಚುಕಡಿಮೆ ಅರ್ಧ. ಎಲ್ಲ ಸಮುದಾಯಗಳ ಒಟ್ಟು ವಿದ್ಯಾರ್ಥಿಗಳಲ್ಲಿ ಹುಡುಗಿಯರ ಪಾಲು ಶೇ 48ರಷ್ಟು. ಹುಡುಗಿಯರು ಓದುತ್ತಿದ್ದಾರೆಂದು ಖುಷಿಪಡೋಣ, ಆದರೆ ಅಲ್ಲಿಗೇ ನಿಲ್ಲುವುದು ಬೇಡ. ಕಾಲೇಜಿಗೆ ಹೋಗುವ ನೂರು ಹುಡುಗರಲ್ಲಿ ಮುಸ್ಲಿಮರು ಐವರೂ ಇಲ್ಲ. ಜನಸಂಖ್ಯೆಯಲ್ಲಿ ಅವರು ಶೇ 14. ಕಾಲೇಜು ಹುಡುಗಿಯ ಹಿಜಾಬಿನ ಬಗ್ಗೆ ಅಷ್ಟೊಂದು ಬರೆದವರಿಗೆ ಅವಳ ಅಣ್ಣ ಎಲ್ಲಿ ಹೋದ ಎಂಬ ಕುತೂಹಲವೇ ಹುಟ್ಟಲಿಲ್ಲ.

ಅಣ್ಣ ದುಡಿಯಲು ಹೋಗಿದ್ದಾನೆ. ಮುಸ್ಲಿಂ ದುಡಿಮೆಗಾರರಲ್ಲಿ ಶೇ 61ರಷ್ಟು ಮಂದಿ ಸ್ವಂತ ಕಸುಬಿನವರು ಎಂದು ಮುಸ್ಲಿಮರ ಸ್ಥಿತಿಗತಿ ಅಧ್ಯಯನ ಮಾಡಿದ ಸಾಚಾರ್ ಸಮಿತಿ 2006ರಲ್ಲೇ ಹೇಳಿತ್ತು. ಅಂಗಡಿ, ಗುಜರಿ, ವೆಲ್ಡಿಂಗ್, ಮೀನು ವ್ಯಾಪಾರ: ಇಲ್ಲೆಲ್ಲ ಮಗ ಬಂದು ಕೈಹಚ್ಚಿದ ದಿನದಿಂದಲೇ ಮನೆಗೆ ಲಾಭ. ಡಿಗ್ರಿ ಮುಗಿಸಿದ ಮೇಲೂ ನೌಕರಿ ಸಿಗುವ ಖಾತ್ರಿಯಿಲ್ಲ, ತಂಗಿಯ ಮದುವೆ ಕಾಯುವುದಿಲ್ಲ. ಇದನ್ನು ‘ಓದಿನಲ್ಲಿ ಆಸಕ್ತಿಯಿಲ್ಲ’ ಎಂದು ಷರಾ ಬರೆಯುವುದು ಶುದ್ಧ ಸೋಮಾರಿತನ.

ಹಾಗಂತ ಬಡತನವೊಂದನ್ನೇ ದೂರಿ ಪ್ರಯೋಜನವಿಲ್ಲ. ಭಟ್ಕಳದ ನವಾಯತ ಮುಸ್ಲಿಮರಿಗೆ 1919ರಿಂದ ತಮ್ಮದೇ ಅಂಜುಮನ್ ಶಿಕ್ಷಣ ಸಂಸ್ಥೆ ಇದೆ, ಎಂಜಿನಿಯರಿಂಗ್ ಕಾಲೇಜೂ ಇದೆ. ಅಲ್ಲಿ ಓದಿದವನೂ ‘ಗಲ್ಫ್ ವೀಸಾ ಬಂತಾ?’ ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರ. ಎಲ್ಲರಿಗೂ ಎಲ್ಲರೂ ಗೊತ್ತಿರುವ ಸಣ್ಣ ಸಮುದಾಯದಲ್ಲಿ ಊರಲ್ಲೇ ಉಳಿದು ಸಂಶೋಧನೆಗೋ ನಾಟಕಕ್ಕೋ ಇಳಿದ ಹುಡುಗನಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ಅದೇ ಸಮುದಾಯ ಕಷ್ಟಕಾಲದಲ್ಲಿ ಬಾಡಿಗೆ ಮನೆ, ಆಸ್ಪತ್ರೆ ಖರ್ಚು, ಕೆಲಸ ಎಲ್ಲವನ್ನೂ ಹುಡುಕಿಕೊಡುತ್ತದೆ. ಹೊರಗೆ ಹೆಸರು ಕೇಳಿಯೇ ಮನೆ ಬಾಡಿಗೆಗಿಲ್ಲ ಎನ್ನುವ ನಗರವಿರುವಾಗ ಅವನು ತನ್ನ ಸಮುದಾಯದ ಜಮಾತಿಗೆ ಬೆನ್ನು ಮಾಡಿ ಹೋಗುವುದಾದರೂ ಎಲ್ಲಿಗೆ? ‘ಕಟ್ಟುಪಾಡು ಮುರಿದು ಹೊರಗೆ ಬಾ’ ಎಂದು ಉಪದೇಶಿಸುವ ಉದಾರವಾದಿಗಳು ಮೊದಲು ತಮ್ಮ ಮನೆ ಬಾಡಿಗೆಗೆ ಕೊಡಲಿ.

ಸರ್ಕಾರಗಳಾದರೂ ಕೈಹಿಡಿದವೇ? ಕೇಂದ್ರವು 2022ರಲ್ಲಿ ಒಂದರಿಂದ ಎಂಟನೇ ತರಗತಿಯವರೆಗಿನ ಅಲ್ಪಸಂಖ್ಯಾತ ವಿದ್ಯಾರ್ಥಿವೇತನ ನಿಲ್ಲಿಸಿತು. ಅಲ್ಪಸಂಖ್ಯಾತ ಸಂಶೋಧಕರ ಮೌಲಾನಾ ಆಜಾದ್ ಫೆಲೋಶಿಪ್ ಕೂಡ ಆ ವರ್ಷವೇ ಹೋಯಿತು. ಗುತ್ತಿಗೆಗಾಗಿ ಸದನದಲ್ಲಿ ಕಾದಾಡಿದ ರಾಜ್ಯ ಸರ್ಕಾರ ಈ ಹುಡುಗರಿಗೆ ಪಿಯುಸಿಯಿಂದ ಡಿಗ್ರಿಯವರೆಗೆ, ಅಂಗಡಿಯಲ್ಲಿ ದುಡಿದರೆ ಸಿಗುವಷ್ಟು ಹಣ ತಿಂಗಳು ತಿಂಗಳು ಕೊಡಲಿ. ಪ್ರತಿ ತಾಲ್ಲೂಕಿನಲ್ಲಿ ಸಂಜೆ ಕಾಲೇಜು ತೆರೆಯಲಿ. ಜಮಾತುಗಳು ಝಕಾತಿನ ಒಂದು ಪಾಲನ್ನು ಗಂಡುಮಕ್ಕಳ ಓದಿಗೆ ತೆಗೆದಿಡಲಿ.