ತೆರೆಯ ಮೇಲೆ ಒಂದೇ ವಾಂತಿ!

ನಮ್ಮ ಹಳೇ ಸಿನಿಮಾಗಳಲ್ಲಿ ನಾಯಕಿ ಬಾಯಿಗೆ ಸೆರಗು ಹಿಡಿದು ಬಚ್ಚಲಿಗೆ ಓಡಿದಳೆಂದರೆ ಮುಗೀತು. ಅತ್ತೆ ನಗುತ್ತಾಳೆ, ಡಾಕ್ಟರು ನಾಡಿ ಹಿಡಿದು 'ಸಿಹಿ ಹಂಚಿ' ಅಂತಾರೆ, ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೋ ಶಿಳ್ಳೆ! ನಾನೂ ಹೊಡೆದವನೇ ಸ್ವಾಮಿ.

ಆಮೇಲೆ ನಮ್ಮಕ್ಕ ಬಸುರಿಯಾದಳು. ದಿನಕ್ಕೆ ಹತ್ತು ಹದಿನೈದು ಸಲ ವಾಂತಿ, ಕುಡಿದ ನೀರೂ ದಕ್ಕದು. 'ಎಲ್ಲರಿಗೂ ಆಗೋದೇ ಬಿಡು' ಅಂದೆವು. ಎದ್ದು ನಿಂತರೆ ಕಣ್ಣು ಕತ್ತಲೆ ಬಂದು ಬಿದ್ದಾಗಲೇ ಆಸ್ಪತ್ರೆಗೆ ಓಡಿದ್ದು. ಡ್ರಿಪ್ ಹಾಕಿದ ಮೇಲೆ ಚೇತರಿಸಿಕೊಂಡಳು.

ಈ ಕಾಟಕ್ಕೆ ಹೈಪರ್‌ಎಮೆಸಿಸ್ ಅಂತ ಹೆಸರು. 100 ಬಸುರಿಯರಲ್ಲಿ ಹೆಚ್ಚೆಂದರೆ 3 ಜನಕ್ಕೆ. ಹೊಟ್ಟೆಯಲ್ಲಿ ಅವಳಿ ಇದ್ದರೆ, ತಾಯಿಗೋ ಅಕ್ಕತಂಗಿಗೋ ಆಗಿದ್ದರೆ, ಹಿಂದಿನ ಬಸಿರಿನಲ್ಲಿ ಬಂದಿದ್ದರೆ ಸಂಭವ ಜಾಸ್ತಿ. ಅರಮನೆಯನ್ನೂ ಬಿಟ್ಟಿಲ್ಲ: ಬ್ರಿಟನ್ನಿನ ಕೇಟ್ 2012ರಲ್ಲಿ ಆಸ್ಪತ್ರೆ ಸೇರಿದರು, ಮೂರು ಬಸಿರಿನಲ್ಲೂ ಇದೇ ಗೋಳು.

ಇದು ನಖರಾ ಅಲ್ಲ ಗೆಳೆಯರೇ. ಮಗುವಿನ ಕಡೆಯಿಂದ ತಾಯಿಯ ರಕ್ತಕ್ಕೆ ಸೇರುವ ಜಿಡಿಎಫ್15 ಎಂಬ ಹಾರ್ಮೋನಿನ ಕೈವಾಡ ಎಂದು 2023ರಲ್ಲಿ ವಿಜ್ಞಾನಿಗಳು ತೋರಿಸಿದರು. ಬಸುರಿಗೆ ಮುಂಚೆ ಮೈಯಲ್ಲಿ ಅದು ಕಡಿಮೆ ಇದ್ದವರಿಗೆ ಹೊಡೆತ ಜೋರು.

ಥಿಯೇಟರಿನಲ್ಲಿ ಶಿಳ್ಳೆ ಹೊಡೀರಿ, ಬೇಡ ಅನ್ನೋಲ್ಲ. ಆದರೆ ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಹೆಂಡತಿಯೋ ಗುಟುಕು ನೀರೂ ದಕ್ಕದೆ ಮಲಗಿದ್ದರೆ ಇಂಟರ್‌ವಲ್‌ವರೆಗೂ ಕಾಯಬೇಡಿ. ಆಟೋ ಹಿಡೀರಿ. ಅವತ್ತು ನೀವೇ ಹೀರೋ!